ಚಿಕ್ಕ ಬಾಡಿಗೆ ಮನೆ, ಲಾಡ್ಜ್ ರೂಮಿನ ಥರ ಕಾಣುತ್ತದೆ. ಮನೆ ಅನ್ನಿಸೋ ಹಾಗೆ ಮಾಡೋದು ಹೇಗೆ?

ಮೊದಲನೇ_ಮಹಡಿ:
ಎಲ್ಲರಿಗೂ ನಮಸ್ಕಾರ. ನಾವಿರುವುದು ಬೆಂಗಳೂರಿನ ಗಿರಿನಗರದ ಕಡೆ, ಒಂದು ಬೆಡ್‌ರೂಮಿನ ಮನೆ. ಒಟ್ಟು 450 ಚದರ ಅಡಿ ಇರಬಹುದು. ನಾನು, ಹೆಂಡತಿ, ಜೊತೆಗೆ ಅಮ್ಮ ಆಗಾಗ ಊರಿಂದ ಬಂದು ಇದ್ದು ಹೋಗುತ್ತಾರೆ.

ಹಾಲ್ 10ಕ್ಕೆ 12 ಅಡಿ. ಅದರಲ್ಲೇ ಮೂರು ಸೀಟಿನ ಸೋಫಾ, ಟೀವಿ ಸ್ಟ್ಯಾಂಡು, ಬಟ್ಟೆ ಒಣಗಿಸುವ ಸ್ಟ್ಯಾಂಡು, ಬೆಡ್‌ರೂಮಿನಲ್ಲಿ ಹಿಡಿಸಲಿಲ್ಲ ಅಂತ ಸ್ಟೀಲ್ ಬೀರು ಕೂಡ ಇಲ್ಲೇ. ಪಕ್ಕದ ಬಿಲ್ಡಿಂಗ್ ಗೋಡೆ ಕೈಗೆ ಸಿಗುವಷ್ಟು ಹತ್ತಿರ ಇದೆ, ಹಾಗಾಗಿ ಹಗಲಲ್ಲೂ ಟ್ಯೂಬ್‌ಲೈಟ್ ಬೇಕು. ನೆಂಟರು ಬಂದರೆ ಕಾಫಿ ಕುಡಿದ ತಕ್ಷಣ "ಬರ್ತೀವಪ್ಪಾ" ಅಂತ ಎದ್ದೇ ಬಿಡುತ್ತಾರೆ. ಅವರ ತಪ್ಪಲ್ಲ, ನನಗೂ ಆಫೀಸಿಂದ ಬಂದರೆ ಇಲ್ಲಿ ಕೂರಬೇಕು ಅನ್ನಿಸುವುದಿಲ್ಲ.

ಓನರ್ ಮೊಳೆ ಹೊಡೆಯಬೇಡಿ, ಬಣ್ಣ ಮುಟ್ಟಬೇಡಿ ಅಂದಿದ್ದಾರೆ. ಅಡ್ವಾನ್ಸ್ ಅವರ ಕೈಲಿದೆ, ನಾವು ಏನು ಮಾತಾಡೋಣ. ಎಂಟರಿಂದ ಹತ್ತು ಸಾವಿರದೊಳಗೆ ಏನಾದರೂ ಆಗುತ್ತಾ? ದಯವಿಟ್ಟು ಆನ್‌ಲೈನ್ ಫೋಟೋಗಳನ್ನು ಹಾಕಬೇಡಿ, ಅದರಲ್ಲಿ ಇರೋದೆಲ್ಲ ಬಿಳೀ ಸೋಫಾ, ನಮ್ಮನೆಗೆ ಆಗಲ್ಲ.

ಹೋಲ್ಡರ್_ಬಲ್ಬ್:
ಮೊದಲು ಆ ಟ್ಯೂಬ್‌ಲೈಟ್ ಬಗ್ಗೆ ಮಾತಾಡೋಣ. ಉಳಿದದ್ದೆಲ್ಲ ಆಮೇಲೆ.

ಬಾಡಿಗೆ ಮನೆಗಳಲ್ಲಿ ಓನರ್ ಹಾಕಿಸಿರುವುದು ಸಾಮಾನ್ಯವಾಗಿ 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಬೆಳಕು, ಡಬ್ಬದ ಮೇಲೆ "ಕೂಲ್ ಡೇಲೈಟ್" ಅಂತ ಇರುತ್ತದೆ. ನೀಲಿ ಕಡೆಗೆ ವಾಲುವ ಬಿಳಿ ಅದು. ಅಂಗಡಿಗೆ, ಕ್ಲಿನಿಕ್‌ಗೆ ಸರಿ. ಸಂಜೆ ಹೊತ್ತು ಮನೆಯಲ್ಲಿ ಅದೇ ಬೆಳಕು ನೆತ್ತಿ ಮೇಲಿಂದ ಬಿದ್ದರೆ ಎಲ್ಲರ ಮುಖವೂ ಜ್ವರದಿಂದ ಎದ್ದವರ ಹಾಗೆ ಕಾಣುತ್ತದೆ, ಮೂಲೆಯಲ್ಲಿರುವ ಬಟ್ಟೆ ಸ್ಟ್ಯಾಂಡು, ಬೀರು, ಚಪ್ಪಲಿ ಎಲ್ಲವೂ ಒಂದೇ ಸಮನೆ ಎದ್ದು ಕಾಣುತ್ತವೆ. 2700 ಅಥವಾ 3000 ಕೆಲ್ವಿನ್ ಇರುವ "ವಾರ್ಮ್ ವೈಟ್" ಕೇಳಿ ತನ್ನಿ. ಹಳೇ ಗುಂಡು ಬಲ್ಬಿನ ಬಣ್ಣ. ಅಂಗಡಿಯವರು "ಸಾರ್, ಇದು ಡಿಮ್ ಬರುತ್ತೆ" ಅಂತ ಬಿಳಿಯದನ್ನೇ ಕೈಗಿಡುತ್ತಾರೆ, ಕೇಳಬೇಡಿ. ವ್ಯಾಟ್ ಒಂದೇ ಇದ್ದರೆ ಬೆಳಕು ಹೆಚ್ಚು ಕಡಿಮೆ ಅಷ್ಟೇ ಬರುತ್ತದೆ, ಬಣ್ಣ ಮಾತ್ರ ಬೇರೆ.

ಟ್ಯೂಬ್‌ಲೈಟ್ ತೆಗೆಯಬೇಡಿ, ಸುಮ್ನೆ ಸಂಜೆ ಹಾಕಬೇಡಿ ಅಷ್ಟೇ. ಅದರ ಬದಲು ಎರಡು ಕಡೆ ಸಣ್ಣ ದೀಪ ಇಡಿ. ಸೋಫಾ ಪಕ್ಕ ಒಂದು, ಟೀವಿ ಹಿಂದಿನ ಮೂಲೆಯಲ್ಲಿ ಒಂದು. ತಲಾ 7 ಅಥವಾ 9 ವ್ಯಾಟ್ ಸಾಕು. ಕೂತವರ ತಲೆಯ ಮಟ್ಟಕ್ಕೆ ಬೆಳಕು ಬರಬೇಕು, ಬಲ್ಬ್ ನೇರ ಕಣ್ಣಿಗೆ ಹೊಡೆಯಬಾರದು, ಗೋಡೆಗೆ ಬಿದ್ದು ವಾಪಸ್ ಬರುವ ಹಾಗಿರಲಿ. ಪ್ಲಗ್ ಚುಚ್ಚುವ ದೀಪವಾದರೆ ಮೊಳೆಯ ತಂಟೆಯೂ ಇಲ್ಲ.

ಅಕ್ಕಿ_ಆರಿಸುವವಳು:
ಮೇಲಿನವರು ಹೇಳಿದ್ದು ಹಾಲ್‌ಗೆ ಸರಿ. ಆದರೆ ದಯವಿಟ್ಟು ಅಡುಗೆ ಮನೆಗೆ ಹಳದಿ ಬಲ್ಬ್ ಹಾಕಿ ಹೆಂಡತಿ ಹತ್ತಿರ ಬೈಸಿಕೊಳ್ಳಬೇಡಿ. ಬೇಳೆಯಲ್ಲಿ ಕಲ್ಲು ಕಾಣಲ್ಲ, ಸೊಪ್ಪಿನಲ್ಲಿ ಹುಳ ಕಾಣಲ್ಲ. ಅಲ್ಲಿ ಬಿಳಿ ಬೆಳಕೇ ಇರಲಿ.

ಇನ್ನೊಂದು ವಿಷಯ. ನೆಂಟರು ಬೇಗ ಎದ್ದು ಹೋಗುವುದಕ್ಕೆ ನನಗೆ ಕಾಣುವ ಕಾರಣ ಸೋಫಾ. ಮೂರು ಜನ ಸಾಲಾಗಿ ಟೀವಿ ಕಡೆ ಮುಖ ಮಾಡಿ ಕೂತರೆ ಮಾತು ಎಲ್ಲಿಂದ ಹುಟ್ಟುತ್ತದೆ? ಬಸ್ ಸ್ಟ್ಯಾಂಡ್ ಬೆಂಚಲ್ಲೂ ಹೀಗೇ ಕೂರುತ್ತೇವೆ ಅಲ್ವಾ. ಸೋಫಾಗೆ ಅಡ್ಡಲಾಗಿ ಕೈ ಇರುವ ಒಂದು ಕುರ್ಚಿ, ಒಂದು ಮೋಡಾ (ಹೆಣೆದ ಗುಂಡು ಸ್ಟೂಲು) ಹಾಕಿ. ಮುಖ ಮುಖ ಕಾಣಬೇಕು. ಕೈ ಇರುವ ಕುರ್ಚಿ ಯಾಕೆ ಅಂದರೆ, ಮೊಣಕಾಲು ನೋವಿರುವ ವಯಸ್ಸಾದವರಿಗೆ ಮೆತ್ತನೆ ಸೋಫಾದಿಂದ ಏಳುವುದೇ ಕಷ್ಟ, ನಿಮ್ಮ ಅಮ್ಮನನ್ನೇ ಕೇಳಿ ನೋಡಿ.

ಹಳೇ_ಸೀರೆ_ಧಾರವಾಡ:
ನಮಸ್ಕಾರ್ರೀ. ನಾನು ಬಟ್ಟೆ ಬಗ್ಗೆ ಮಾತ್ರ ಹೇಳುತ್ತೇನೆ, ಅದು ನನಗೆ ಗೊತ್ತಿರುವ ವಿಷಯ.

ಬಾಡಿಗೆ ಮನೆಯ ಗೋಡೆ ನಿಮ್ಮದಲ್ಲ, ನೆಲ ನಿಮ್ಮದಲ್ಲ, ಆದರೆ ಪರದೆ, ಹಾಸುಗೆ, ದಿಂಬು ನಿಮ್ಮವೇ. ಅಂಗಡಿಯ ಪಾಲಿಯೆಸ್ಟರ್ ಪರದೆಗೆ ದುಡ್ಡು ಸುರಿಯಬೇಡಿ. ಅಮ್ಮನ ಹತ್ತಿರ ಉಡದೇ ಇಟ್ಟಿರುವ ಕಾಟನ್ ಸೀರೆ ಇದ್ದೇ ಇರುತ್ತದೆ, ಕೇಳಿ. ಒಂದು ಸೀರೆ ಸುಮಾರು ಐದೂವರೆ ಮೀಟರ್. ಏಳಡಿ ಪರದೆಗೆ ಮಡಿಕೆ ಸೇರಿ ಎರಡೂಕಾಲು ಮೀಟರ್ ಹಿಡಿದರೆ ಎರಡು ಪರದೆ ಆಗಿ, ಮೇಲೆ ಒಂದು ಮೀಟರ್ ಮಿಕ್ಕುತ್ತದೆ. ಅದರಲ್ಲಿ ಎರಡು ದಿಂಬಿನ ಕವರ್ ಆಗುತ್ತದೆ. ಇಳಕಲ್ ಸೀರೆ ಆದರೆ ಕೆಂಪು ಸೆರಗನ್ನು ಕತ್ತರಿಸಿ ಬೇರೆ ಇಡಿ, ಟೀವಿ ಸ್ಟ್ಯಾಂಡಿನ ಮೇಲೆ ಹಾಸಿದರೆ ಆ ಬಿಳಿ ತೆನೆಗಳು ಎದ್ದು ಕಾಣುತ್ತವೆ. ಗಾಢ ಬಣ್ಣದ್ದಾದರೆ ಬಿಸಿಲು ಬೀಳುವ ಕಿಟಕಿಗೆ ಬೇಡ, ಬಣ್ಣ ಹೋಗುತ್ತದೆ. ಹಾಕಲೇಬೇಕು ಅಂದರೆ ಹಿಂದೆ ಹಳೇ ಪಂಚೆ ಕೊಟ್ಟು ಹೊಲಿಸಿ.

ಪರದೆಯನ್ನು ಕಿಟಕಿಯ ಅಳತೆಗೆ ಹಾಕಬೇಡಿ. ಸೂರಿನ ಹತ್ತಿರದಿಂದ ಶುರುವಾಗಿ ನೆಲದವರೆಗೆ ಇಳಿಯಲಿ, ಅಕ್ಕಪಕ್ಕ ಗೋಡೆಯ ಮೇಲೂ ಸ್ವಲ್ಪ ಬರಲಿ. ಒಳಗಿರುವುದು ಸಣ್ಣ ಕಿಟಕಿ ಅಂತ ಗೊತ್ತೇ ಆಗಲ್ಲ.

ನೆಲಕ್ಕೆ ಒಂದು ಜಮಖಾನ. ನಮ್ಮ ಜಿಲ್ಲೆಯ ನವಲಗುಂದದ ಜಮಖಾನ ನೋಡಿರಬಹುದು, ನವಿಲು, ಪಗಡೆ ಹಾಸಿನ ಚಿತ್ತಾರ ಇರುತ್ತದೆ, ಹೆಣ್ಣುಮಕ್ಕಳು ಮನೆಯಲ್ಲೇ ಮಗ್ಗ ಹಾಕಿ ನೇಯುತ್ತಾರೆ. ಕೈನೇಯ್ಗೆಯದಕ್ಕೆ ರೇಟು ಜಾಸ್ತಿ, ನಿಮ್ಮ ಲೆಕ್ಕದಲ್ಲಿ ಕೂರದಿದ್ದರೆ ಖಾದಿ ಭಂಡಾರದ ಸಾದಾ ಜಮಖಾನ ಸಾಕು. ಹೊಳೆಯುವ ಟೈಲ್ಸ್ ಮೇಲೆ ಸುಮ್ನೆ ಹಾಸಿದರೆ ಜಾರುತ್ತದೆ, ಅಮ್ಮ ಬೀಳುತ್ತಾರೆ. ಕೆಳಗೆ ರಬ್ಬರ್ ಜಾಲರಿ ಹಾಕಲೇಬೇಕು. ಸೋಫಾ ಮೇಲೆ ಒಂದು ಕೌದಿ, ಅಂದರೆ ಹಳೇ ಬಟ್ಟೆ ಸೇರಿಸಿ ಹೊಲಿದ ಹೊದಿಕೆ. ಅಜ್ಜಿ ಹೊಲಿದದ್ದು ಊರಲ್ಲಿ ಟ್ರಂಕಿನಲ್ಲಿ ಮಲಗಿರುತ್ತದಲ್ಲ, ಅದೇ. ಬಿಸಿಲಿಗೆ ಹಾಕಿ ತನ್ನಿ, ಇಲ್ಲದಿದ್ದರೆ ಮನೆಯೆಲ್ಲ ನುಸಿಗುಳಿಗೆ ವಾಸನೆ.

ಮೊದಲನೇ_ಮಹಡಿ:
ಅಯ್ಯೋ ಇಷ್ಟು ಬೇಗ ಇಷ್ಟೊಂದು ಉತ್ತರ! ಸೀರೆ ವಿಷಯ ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ, "ಕತ್ತರಿಸೋದಾ?" ಅಂತ ಒಂದು ನಿಮಿಷ ಸುಮ್ಮನಾಗಿ, ಆಮೇಲೆ ಮೂರು ಸೀರೆ ಹೆಸರು ಹೇಳಿದರು. ಎರಡು ಪ್ರಶ್ನೆ. ಮೊಳೆ ಇಲ್ಲದೆ ಸೂರಿನ ಹತ್ತಿರ ಪರದೆ ರಾಡ್ ನಿಲ್ಲುತ್ತದಾ? ಬೀರು, ಬಟ್ಟೆ ಸ್ಟ್ಯಾಂಡು ಎಲ್ಲಿ ಹಾಕಲಿ? ತುಳಸಿ ಗಿಡ ಹಾಲಲ್ಲಿ ಇಡಬೇಕು ಅಂತ ಹೆಂಡತಿಗೆ ಆಸೆ, ಅದೂ ಇದೆ.

ಡೊಂಬಿವಿಲಿ_ಕನ್ನಡಿಗ:
ಮುಂಬೈ ಕಡೆ ಒಂದು ರೂಮು, ಒಂದು ಕಿಚನ್ನಿನಲ್ಲಿ ಸಂಸಾರ ಮಾಡಿದವನು ನಾನು, 450 ಚದರ ಅಡಿ ಅಂದರೆ ನಮಗೆ ಬಂಗಲೆ ಸ್ವಾಮಿ.

ಅಂಟಿಸುವ ಹುಕ್ಕು ಪರದೆ ಭಾರಕ್ಕೆ ಇವತ್ತಲ್ಲ ನಾಳೆ ಕಿತ್ತು ಬರುತ್ತದೆ, ಸುಣ್ಣದ ಗೋಡೆಯಾದರೆ ಬಣ್ಣವನ್ನೂ ಎಳೆದುಕೊಂಡು ಬರುತ್ತದೆ. ಎರಡು ಗೋಡೆಗಳ ನಡುವೆ ತಿರುಗಿಸಿ ಬಿಗಿ ಮಾಡುವ ಸ್ಪ್ರಿಂಗ್ ರಾಡ್ ಸಿಗುತ್ತದೆ, ಕಿಟಕಿ ಗೂಡಿನೊಳಗೆ ಕೂರುತ್ತದೆ. ಅದಕ್ಕೆ ಹಗುರ ಸೀರೆ ಸಾಕು, ಆದರೆ ಸೂರಿನಿಂದ ಇಳಿಯುವ ಚಂದ ಬರಲ್ಲ. ನನ್ನನ್ನು ಕೇಳಿದರೆ ಓನರ್ ಹತ್ತಿರವೇ ಹೋಗಿ, "ಎರಡು ತೂತು ಮಾತ್ರ, ಖಾಲಿ ಮಾಡುವಾಗ ಪುಟ್ಟಿ ಹಾಕಿ ಕೊಡುತ್ತೇವೆ" ಅಂತ ಕೇಳಿ. ಸಿಕ್ಕ ಸಿಕ್ಕಲ್ಲಿ ಮೊಳೆ ಹೊಡೆಯುವವರ ಭಯದಿಂದ ಬೇಡ ಅಂದಿರುತ್ತಾರೆ. ಒಪ್ಪಿದರೆ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ.

ಬೀರು ತೆಗೆಯಲು ಆಗದಿದ್ದರೆ ಉಪಯೋಗಿಸಿ. ಸ್ಟೀಲ್ ಅಲ್ಲವಾ, ಅದರ ಪಕ್ಕಕ್ಕೆ ಆಯಸ್ಕಾಂತ ಅಂಟುತ್ತದೆ. ನಿಮ್ಮ ಮದುವೆ ಫೋಟೋ, ಊರಿನ ಫೋಟೋ, ಮಗುವಿದ್ದರೆ ಅದರ ಚಿತ್ರ, ಎಲ್ಲ ಅಲ್ಲೇ. ಗೋಡೆಗೆ ಒಂದು ಮೊಳೆ ಇಲ್ಲ. ಬಾಗಿಲಿನಿಂದ ಬಂದವರಿಗೆ ಎದುರಿಗೆ ಅದು ಕಾಣದ ಹಾಗೆ, ಬಾಗಿಲಿರುವ ಗೋಡೆಗೇ ಒರಗಿಸಿ. ಮಂಚದ ಕೆಳಗೆ ಏನಿದೆ ನೋಡಿ, ನಾಲ್ಕು ಕಾಲಿಗೂ ಗಟ್ಟಿ ಮರದ ತುಂಡು ಕೊಟ್ಟು ಎತ್ತಿದರೆ ಸೂಟ್‌ಕೇಸ್‌ಗಳು ಒಳಗೆ ಹೋಗುತ್ತವೆ. ಬಟ್ಟೆ ಸ್ಟ್ಯಾಂಡ್ ಮಾತ್ರ ಹಾಲಿಂದ ಹೊರಗೆ ಹಾಕಿ, ಇದರಲ್ಲಿ ರಾಜಿ ಇಲ್ಲ. ಮಳೆಗಾಲದಲ್ಲಿ ರಾತ್ರಿ ಬೆಡ್‌ರೂಮಲ್ಲಿ ಫ್ಯಾನ್ ಕೆಳಗೆ, ಉಳಿದ ದಿನ ಟೆರೇಸ್. ಒದ್ದೆ ಟವೆಲ್ ಪಕ್ಕ ಕೂತು ಯಾರು ಕಾಫಿ ಕುಡಿಯುತ್ತಾರೆ?

ಕುಂಡದ_ಮಣ್ಣು:
ತುಳಸಿ ಬೇಡ! ಅದಕ್ಕೆ ಗಂಟೆಗಟ್ಟಲೆ ನೇರ ಬಿಸಿಲು ಬೇಕು. ನಿಮ್ಮ ಹಾಲಲ್ಲಿ ಎಲೆ ಉದುರಿಸಿಕೊಂಡು ಕಡ್ಡಿ ಆಗುತ್ತದೆ, ಆಮೇಲೆ ಮನೆಗೆ ಕೆಟ್ಟದ್ದು ಅಂತ ಒಂದು ತಲೆಬಿಸಿ. ಟೆರೇಸಲ್ಲಿ ಅಥವಾ ಮೆಟ್ಟಿಲ ಹತ್ತಿರ ಬಿಸಿಲಿದ್ದರೆ ಅಲ್ಲಿಡಿ. ಒಳಗೆ ಮನಿ ಪ್ಲಾಂಟ್ ಅಥವಾ ಹಾವಿನ ಚರ್ಮದಂಥ ಪಟ್ಟೆ ಇರುವ ಸ್ನೇಕ್ ಪ್ಲಾಂಟ್. ಲಾಲ್‌ಬಾಗ್ ಪಕ್ಕ ಸಿದ್ದಾಪುರದ ನರ್ಸರಿಗಳಿಗೆ ಹೋಗಿ, ನಿಮಗೆ ದೂರವೂ ಅಲ್ಲ, ಚೌಕಾಸಿ ಮಾಡಿ. ಸ್ನೇಕ್ ಪ್ಲಾಂಟ್‌ಗೆ ಮಣ್ಣು ಪೂರ್ತಿ ಒಣಗಿದ ಮೇಲೇ ನೀರು, ಪ್ರೀತಿಯಿಂದ ದಿನಾ ಹಾಕಿದರೆ ಬೇರು ಕೊಳೆಯುತ್ತದೆ. ಮನಿ ಪ್ಲಾಂಟ್ ಬಾಟಲಿಯಲ್ಲಿಟ್ಟರೆ ವಾರಕ್ಕೊಮ್ಮೆಯಾದರೂ ನೀರು ಬದಲಿಸಿ, ಇಲ್ಲಾಂದರೆ ಸೊಳ್ಳೆ. ಚಿಕ್ಕ ಮಕ್ಕಳು, ಬೆಕ್ಕು ಇದ್ದರೆ ಎರಡೂ ಗಿಡ ಬಾಯಿಗೆ ಸಿಗದ ಹಾಗೆ ಎತ್ತರದಲ್ಲಿಡಿ.

ಮೊದಲನೇ_ಮಹಡಿ:
ಓನರ್ ಆಂಟಿ ಎರಡು ತೂತಿಗೆ ಒಪ್ಪಿದರು! ಆದರೆ ಡ್ರಿಲ್ ಮಾಡುವವರನ್ನು ಅವರೇ ಕಳಿಸುತ್ತಾರಂತೆ, ದುಡ್ಡು ನಮ್ಮದು. ಬೀರು ಬಾಗಿಲ ಗೋಡೆಗೆ ಸರಿಸಿದ್ದೇವೆ, ಕೆಳಗಿನ ಮನೆಯವರು ಸದ್ದಿಗೆ ಮೇಲೆ ಬಂದು ನೋಡಿಕೊಂಡು ಹೋದರು. ಅಕ್ಕಿ ಆರಿಸುವವರೇ, ಮೋಡಾ ಬೆಂಗಳೂರಲ್ಲಿ ಎಲ್ಲಿ ಚೆನ್ನಾಗಿ ಸಿಗುತ್ತದೆ? ಬಿದಿರಿನದು ಬೇಕು, ಪ್ಲಾಸ್ಟಿಕ್ ಹೆಣೆದದ್ದಲ್ಲ.