ವ್ಯಾನಿನ ಡೀಸೆಲ್ ಒಲೆ ಕೆಂಪು ದೀಪ ತೋರಿಸಿ ನಿಂತುಬಿಡುತ್ತಿದೆ: ಅನುಭವಸ್ಥರು ತಿಳಿಸಿ

ಕೊಪ್ಪಳ (ಕೇಳಿದವರು):
ನಮ್ಮದು ಮಲಗಲು, ಅಡುಗೆ ಮಾಡಲು ಅನುಕೂಲವಾಗುವಂತೆ ಮಾರ್ಪಡಿಸಿದ ಟೆಂಪೋ ಟ್ರಾವೆಲರ್. 12 ವೋಲ್ಟ್‌ನ ಡೀಸೆಲ್ ಒಲೆ ಇದೆ. ಎಂಜಿನ್ ಚಾಲೂ ಇದ್ದರೆ ಒಲೆ ಹೊತ್ತಿಕೊಳ್ಳುತ್ತದೆ. ಎಂಜಿನ್ ನಿಲ್ಲಿಸಿ ಹಚ್ಚಿದರೆ ಫ್ಯಾನ್ ತಿರುಗುತ್ತದೆ, ಪಂಪ್ ಟಿಕ್ ಟಿಕ್ ಎನ್ನುತ್ತದೆ, ಸ್ವಲ್ಪ ಹೊತ್ತಿಗೆ ಕೆಂಪು ದೀಪ ಮಿನುಗಿ ಎಲ್ಲವೂ ನಿಲ್ಲುತ್ತದೆ. ಬ್ಯಾಟರಿ (ಸೀಸದ್ದು) 12.5 ತೋರಿಸುತ್ತಿದೆ. ಗ್ಲೋ ಪ್ಲಗ್ (ಕೆಂಪಗೆ ಕಾದು ಡೀಸೆಲ್ ಹೊತ್ತಿಸುವ ಕಡ್ಡಿ) ಹೋಗಿದೆಯೇ, ಒಲೆಯನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಬೋರ್ಡ್ ಹೋಗಿದೆಯೇ? ಸಾಣಾಪುರ ಕೆರೆಯ ದಂಡೆಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿ ಒಂದು ಕಪ್ ಚಹಾ ಮಾಡಿಕೊಡಲು ಆಗಲಿಲ್ಲ. ದಯವಿಟ್ಟು ತಿಳಿದವರು ಹೇಳಿ.

ರಾಯಚೂರು:
ಬೋರ್ಡ್ ಎಂಬ ಮಾತು ಕೇಳಿದರೆ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ. ನನ್ನ ಒಲೆಯದೂ ಇದೇ ಕಥೆ. ವ್ಯಾನ್ ಕಟ್ಟಿಕೊಟ್ಟ ಗ್ಯಾರೇಜಿನವರು ಒಲೆಯನ್ನು ಬಿಚ್ಚದೆಯೇ ಬೋರ್ಡ್ ಸುಟ್ಟಿದೆ ಎಂದು ತೀರ್ಪು ಕೊಟ್ಟರು. ಹೊರದೇಶದಿಂದ ಬೋರ್ಡ್ ತರಿಸಿದೆ, ಸುಂಕ ಸೇರಿ 38,400 ರೂಪಾಯಿ. ಕೊರಿಯರ್ 2,150. ಕೂಲಿ 3,500. ಹೊಸ ಬೋರ್ಡ್ ಹಾಕಿದ ಮೇಲೂ ಅದೇ ಕೆಂಪು ದೀಪ. ಆಗ ಗ್ಲೋ ಪ್ಲಗ್ ಎಂದರು, ಅದಕ್ಕೆ 6,800. ಒಟ್ಟು 50,850 ರೂಪಾಯಿ ನೀರಿಗೆ ಹೋಯಿತು. ಕಾಯಿಲೆ ಇದ್ದದ್ದು ವೈರಿನಲ್ಲಿ! ಹಿಂದಿನ ಸೀಟಿನ ಕೆಳಗಿನ ಬ್ಯಾಟರಿಯಿಂದ ಒಲೆಯವರೆಗೆ ಮನೆಯ ದೀಪಕ್ಕೆ ಎಳೆಯುವ 1.5 ಚದರ ಎಂಎಂ ವೈರ್ ಎಳೆದಿದ್ದರು. ಹೋಗಿ ಬರುವ ದಾರಿ ಸೇರಿ 8 ಮೀಟರ್. ಹಚ್ಚುವ ಹೊತ್ತಿನಲ್ಲಿ ಗ್ಲೋ ಪ್ಲಗ್ 9 ಆಂಪಿಯರ್ ಎಳೆದರೆ ಆ ವೈರ್ ಒಂದೇ 0.8 ವೋಲ್ಟ್ ತಿನ್ನುತ್ತದೆ, ಒಲೆಗೆ ತಲುಪುವ ವೋಲ್ಟ್ ಸಾಲದೆ ಅದು ತಾನೇ ಕಡಿದುಕೊಳ್ಳುತ್ತದೆ. 6 ಚದರ ಎಂಎಂ ಹಾಕಿದರೆ 0.2 ಮಾತ್ರ. ವೈರ್, ಲಗ್ (ವೈರಿನ ತುದಿಗೆ ಕೂರಿಸುವ ಲೋಹದ ಬಳೆ), ಫ್ಯೂಸ್ ಎಲ್ಲ ಸೇರಿ 1,260 ರೂಪಾಯಿಗೆ ಕೆಲಸ ಮುಗಿಯಿತು. ಬೋರ್ಡ್ ಎಂದವರ ಮಾತನ್ನು ಯಾರೂ ನಂಬಬೇಡಿ.

ಸಿರುಗುಪ್ಪ:
ಇಷ್ಟೆಲ್ಲ ಯಾಕೆ? 5 ಕೆಜಿಯ ಗ್ಯಾಸ್ ಸಿಲಿಂಡರ್ ಇಟ್ಟುಕೊಳ್ಳಿ. ನಾನು ಅದರಲ್ಲೇ ಜೋಳದ ರೊಟ್ಟಿ ಬಡಿದುಕೊಂಡು ಊರೂರು ಸುತ್ತುತ್ತೇನೆ. ಒಲೆ ಹಚ್ಚಲು ವೋಲ್ಟ್ ಲೆಕ್ಕ ಬೇಕೇ?

ಬಳ್ಳಾರಿ:
ಸಿರುಗುಪ್ಪದವರೇ, ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ವ್ಯಾನಿನ ನೆಲದಲ್ಲೇ ಕೂರುತ್ತದೆ. ನೆಲದ ಮಟ್ಟದಲ್ಲಿ ಕಿಂಡಿ ಕೊರೆಸಿದ್ದೀರಾ? ಮಕ್ಕಳು ಒಳಗೆ ಮಲಗುವ ಗಾಡಿಯಲ್ಲಿ ನಾನಂತೂ ಗ್ಯಾಸ್ ಇಡುವುದಿಲ್ಲ. ಡೀಸೆಲ್ ಒಲೆಯ ಹೊಗೆ ಕೊಳವೆಯಲ್ಲಿ ಹೊರಗೇ ಹೋಗುತ್ತದೆ.

ಕೊಪ್ಪಳದವರಿಗೆ ಹೇಳುವುದಿಷ್ಟು: ಸೀಸದ ಬ್ಯಾಟರಿ ತೆಗೆದುಹಾಕಿ. ನಾನು 100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಹಾಕಿಸಿದೆ, 31,000 ರೂಪಾಯಿ. ಆಲ್ಟರ್ನೇಟರನ್ನು (ಎಂಜಿನ್ ತಿರುಗಿಸುವ, ಕರೆಂಟ್ ಮಾಡುವ ಯಂತ್ರ) ಅದಕ್ಕೆ ನೇರವಾಗಿ ಜೋಡಿಸಿದರೆ ಆಲ್ಟರ್ನೇಟರ್ ಕಾದು ಹಾಳಾಗಬಹುದು, ಆದ್ದರಿಂದ ನಡುವೆ ಕರೆಂಟನ್ನು ಮಿತಿಯಲ್ಲಿಡುವ ಡಿಸಿ-ಡಿಸಿ ಚಾರ್ಜರ್, ಅದಕ್ಕೆ 14,500. ಕಟ್ಟಿಸಿದ ಪೆಟ್ಟಿಗೆ 2,200. ಒಲೆ ಹಚ್ಚಿದರೂ ವೋಲ್ಟೇಜ್ 13.2ರಿಂದ ಅಲುಗಾಡುವುದಿಲ್ಲ. ಒಂದೇ ತೊಂದರೆ ಬಂದದ್ದು ಮೇ ತಿಂಗಳಲ್ಲಿ. ಕೋಟೆ ಗುಡ್ಡದ ಕೆಳಗೆ ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ್ದ ಗಾಡಿಯಲ್ಲಿ ಬ್ಯಾಟರಿಯ ರಕ್ಷಣಾ ಸರ್ಕ್ಯೂಟ್ ಶಾಖಕ್ಕೆ ಕಡಿದುಕೊಂಡಿತು. ಬ್ಯಾಟರಿಯನ್ನು ಬಿಸಿಲು ತಾಗದ ಮಗ್ಗುಲಿಗೆ ಸರಿಸಿ, ಪೆಟ್ಟಿಗೆಗೆ ಗಾಳಿಯ ಕಿಂಡಿ ಬಿಡಿಸಿದೆ. ಆಮೇಲೆ ಒಮ್ಮೆಯೂ ಕೈಕೊಟ್ಟಿಲ್ಲ.

ರಾಯಚೂರು:
1,260 ರೂಪಾಯಿಯ ಕೆಲಸಕ್ಕೆ 47,700 ರೂಪಾಯಿಯ ಮದ್ದು ಹೇಳುತ್ತಿದ್ದೀರಿ. ನನ್ನನ್ನು ಹಾಳು ಮಾಡಿದ್ದೂ ಇದೇ ಬಗೆಯ ಸಲಹೆ.

ಸಿಂಧನೂರು:
ರಾಯಚೂರಿನ ಅಣ್ಣನವರೇ, ಬೋರ್ಡ್ ಹೋಗುವುದೇ ಇಲ್ಲ ಎಂಬಂತೆ ಬರೆಯಬೇಡಿ. ನಮ್ಮದು ನಿಜವಾಗಿಯೂ ಹೋಯಿತು. ವ್ಯಾನ್ ಮಾಡಿಕೊಟ್ಟವರು ಒಂದು ಮೇನ್ ಸ್ವಿಚ್ ಕೂರಿಸಿ, ಅಡುಗೆಯಾದ ತಕ್ಷಣ ಇದನ್ನು ಆರಿಸಿಬಿಡಿ, ಬ್ಯಾಟರಿ ಉಳಿಯುತ್ತದೆ ಎಂದು ಹೇಳಿಕೊಟ್ಟಿದ್ದರು. ನಮ್ಮ ಯಜಮಾನರು ತಪ್ಪದೆ ಹಾಗೆಯೇ ಮಾಡಿದರು. ಒಲೆಯನ್ನು ಅದರ ಗುಂಡಿಯಿಂದಲೇ ಆರಿಸಿದರೆ ಫ್ಯಾನ್ ಇನ್ನೂ ಕೆಲವು ನಿಮಿಷ ಓಡಿ ಬರ್ನರನ್ನು ತಣಿಸುತ್ತದೆ. ಮೇನ್ ಕಡಿದರೆ ಫ್ಯಾನ್ ಅಲ್ಲೇ ನಿಲ್ಲುತ್ತದೆ, ಉಳಿದ ಶಾಖವೆಲ್ಲ ಬೋರ್ಡಿಗೆ ಏರುತ್ತದೆ. ಬಿಚ್ಚಿದಾಗ ಬೋರ್ಡಿನ ಒಂದು ಮೂಲೆ ಕಂದಿ ಉಬ್ಬಿತ್ತು, ಕನೆಕ್ಟರಿನ ಪ್ಲಾಸ್ಟಿಕ್ ಕರಗಿ ಪಿನ್ನಿಗೆ ಅಂಟಿತ್ತು. 29,700 ರೂಪಾಯಿ! ಮಗಳ ಹಾಸ್ಟೆಲ್ ಶುಲ್ಕಕ್ಕೆ ಎತ್ತಿಟ್ಟ ಹಣ ಅದು. ಹಾಗೆ ಹೇಳಿಕೊಟ್ಟವರು ಫೋನ್ ಎತ್ತಲಿಲ್ಲ. ಫ್ಯಾನ್ ನಿಲ್ಲುವವರೆಗೆ ಮೇನ್ ಮುಟ್ಟಬೇಡಿ ಎಂದು ಒಂದು ಚೀಟಿ ಬರೆದು ಅಂಟಿಸಿದ್ದೇನೆ.

ಗಂಗಾವತಿ (ಆಟೋ ಎಲೆಕ್ಟ್ರಿಷಿಯನ್):
ಒಬ್ಬರು ವೈರ್ ಎನ್ನುತ್ತೀರಿ, ಒಬ್ಬರು ಬ್ಯಾಟರಿ, ಒಬ್ಬರು ಬೋರ್ಡ್. ಮೀಟರ್ ಹಿಡಿಯಿರಿ ಎಂದು ಒಬ್ಬರೂ ಹೇಳಲಿಲ್ಲ. ಸುಮ್ಮನೆ ಕುಳಿತ ಬ್ಯಾಟರಿ 12.5 ತೋರಿಸಿದರೆ, ಹಚ್ಚುವಾಗ ಒಲೆಗೆ ಎಷ್ಟು ತಲುಪುತ್ತದೆ ಎಂಬುದು ಅದರಿಂದ ತಿಳಿಯುವುದಿಲ್ಲ. ಒಲೆ ಹಚ್ಚಿ, ಗ್ಲೋ ಪ್ಲಗ್ ಬಿಸಿಯಾಗುತ್ತಿರುವಾಗಲೇ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಒಲೆಯ ಪ್ಲಸ್‌ಗೆ ಹಿಡಿಯಿರಿ. ಮೀಟರ್ ತೋರಿಸುವುದು ಆ ದಾರಿಯಲ್ಲಿ ಕಳೆದುಹೋದ ವೋಲ್ಟ್. ಹಾಗೆಯೇ ಮೈನಸ್ಸಿನಿಂದ ಮೈನಸ್ಸಿಗೆ. ಗ್ಲೋ ಪ್ಲಗ್ ಪರೀಕ್ಷಿಸಲು ಅದರ ಕನೆಕ್ಟರ್ ಬಿಚ್ಚಿ ಓಮ್ (ಕರೆಂಟಿಗೆ ಇರುವ ತಡೆ) ನೋಡಿ. ಒಳಗೆ ಕಡಿದಿದ್ದರೆ ದಾರಿಯೇ ಸಿಗುವುದಿಲ್ಲ. ಬ್ಯಾಟರಿಯಿಂದ ನೇರವಾಗಿ ಕರೆಂಟ್ ಕೊಟ್ಟು ನೋಡಬೇಡಿ. 12 ವೋಲ್ಟ್ ಯಂತ್ರದಲ್ಲೂ 8 ವೋಲ್ಟ್‌ನ ಪ್ಲಗ್ ಇರುವುದುಂಟು, ಸುಟ್ಟುಹೋಗುತ್ತದೆ.

ನನ್ನ ಬಳಿಗೆ ಬರುವ ಗಾಡಿಗಳಲ್ಲಿ ಹೆಚ್ಚಾಗಿ ಕಾಣುವುದು ಚಾಸಿಯ ಅರ್ಥ್ ಬೋಲ್ಟ್, ಅಂದರೆ ಮೈನಸ್ ವೈರನ್ನು ಗಾಡಿಯ ಕಬ್ಬಿಣದ ಚೌಕಟ್ಟಿಗೆ ಬಿಗಿಯುವ ಬೋಲ್ಟ್, ಅದರ ದೋಷ. ಬಣ್ಣದ ಮೇಲೆಯೇ ಲಗ್ ಕೂರಿಸಿ ಬಿಗಿದಿರುತ್ತಾರೆ. ಬಿಚ್ಚಿದರೆ ಲಗ್ಗಿನ ಅಡಿಯಲ್ಲಿ ಹಸಿರು ಪುಡಿ, ಬೋಲ್ಟಿನ ಸುತ್ತ ತುಕ್ಕಿನ ಉಂಗುರ. ಕಬ್ಬಿಣ ಹೊಳೆಯುವವರೆಗೆ ಕೆರೆದು, ಮುಳ್ಳಿನ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಹಚ್ಚಬೇಕು. ಲಗ್ಗಿಗೆ ಸೋಲ್ಡರ್ (ಬೆಸುಗೆ) ತುಂಬಿಸಿಬಿಡಿ.

ರಾಯಚೂರು:
ಸೋಲ್ಡರ್ ಬೇಡ. ಓಡುವ ಗಾಡಿಯಲ್ಲಿ ಸೋಲ್ಡರ್ ಮುಗಿಯುವ ಜಾಗದಲ್ಲೇ ವೈರ್ ಗಡುಸಾಗಿ, ಅದುರಿ ಅದುರಿ ಮುರಿಯುತ್ತದೆ. ಸರಿಯಾದ ಕ್ರಿಂಪಿಂಗ್ (ಲಗ್ಗನ್ನು ವೈರಿನ ಮೇಲೆ ಒತ್ತಿ ಬಿಗಿಯುವುದು) ಸಾಕು.

ಗಂಗಾವತಿ:
ಭತ್ತ ಕೊಯ್ಯುವ ಯಂತ್ರಗಳಿಗೆ ಕೆಲಸ ಮಾಡಿಕೊಂಡು ಬಂದವನು ನಾನು. ಅದಕ್ಕಿಂತ ಹೆಚ್ಚು ಅದುರುವ ಗಾಡಿ ಯಾವುದಿದೆ? ನಾನು ಕ್ರಿಂಪ್ ಮಾಡಿದ ಮೇಲೆ ಸೋಲ್ಡರ್ ಹಾಕಿ, ವೈರನ್ನು ಲಗ್ಗಿನ ಹತ್ತಿರವೇ ಕ್ಲಿಪ್ಪಿನಿಂದ ಹಿಡಿಸುತ್ತೇನೆ. ಇಕ್ಕುಳದಲ್ಲಿ ಒತ್ತಿ ಕ್ರಿಂಪಿಂಗ್ ಎನ್ನುವವರ ಕೆಲಸವನ್ನು ಸರಿಪಡಿಸುವುದೇ ನನ್ನ ದಿನನಿತ್ಯದ ಪಾಡು.

ರಾಯಚೂರು:
ಇಕ್ಕುಳ ಎಂದು ನಾನು ಹೇಳಲಿಲ್ಲ. ಹೈಡ್ರಾಲಿಕ್ ಟೂಲ್ ಕೊಂಡಿದ್ದೇನೆ, 2,900 ರೂಪಾಯಿ. ಓದಿ ಉತ್ತರಿಸಿ.

ಸಂಡೂರು:
ನಮ್ಮ ಕಡೆ ಅದಿರು ಲಾರಿಗಳ ದೂಳು. ಕಬ್ಬಿಣದ ದೂಳು ಒಳಗೆ ಹೋಗಿ ಬೋರ್ಡ್ ಶಾರ್ಟ್ ಆಗುತ್ತದೆ. ನನ್ನದು ಹಾಗೇ ಆಗಿದ್ದು.

ಗಂಗಾವತಿ:
ಸಂಡೂರಿನ ಅದಿರು ಹೆಮಟೈಟ್, ಕಬ್ಬಿಣದ ಆಕ್ಸೈಡ್. ಒಣ ದೂಳಿನಲ್ಲಿ ಕಬ್ಬಿಣದ ತಂತಿಯಲ್ಲಿ ಹರಿದಂತೆ ಕರೆಂಟ್ ಹರಿಯುವುದಿಲ್ಲ. ದೂಳು ಫ್ಯಾನಿನ ಬೇರಿಂಗಿಗೆ ಸೇರಿ ಬಿಗಿಯಾದರೆ ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತದೆ, ಫ್ಯಾನ್ ವೇಗ ತಪ್ಪಿದರೂ ಒಲೆ ಕಡಿದುಕೊಳ್ಳುತ್ತದೆ. ನಮ್ಮ ರೈಸ್ ಮಿಲ್‌ಗಳ ಹೊಟ್ಟಿನಿಂದಲೂ ಇದೇ ಆಗುತ್ತದೆ.

ಸಂಡೂರು:
ಹತ್ತಿರದಿಂದ ಕಂಡವನು ನಾನು. ಬೋರ್ಡ್ ಪೂರ್ತಿ ಕೆಂಪಾಗಿತ್ತು.

ಸಿರುಗುಪ್ಪ:
ಇಷ್ಟು ಹೊತ್ತಿಗೆ ನನ್ನ ಅನ್ನ, ಸಾರು ಎರಡೂ ಆಗಿದೆ. ಅಂದ ಹಾಗೆ ಗಾಡಿ ಮಾರ್ಪಡಿಸಿದವರೆಲ್ಲ ಆರ್‌ಟಿಒ ಅನುಮತಿ ಪಡೆದಿದ್ದೀರಾ? ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ನೋಡಿ.

ಬಳ್ಳಾರಿ:
ನನ್ನ ಆರ್‌ಸಿಯಲ್ಲಿ ದಾಖಲಾಗಿದೆ. ನಿಮ್ಮ ಸಿಲಿಂಡರ್ ದಾಖಲಾಗಿದೆಯೇ?

ಕೊಪ್ಪಳ (ಕೇಳಿದವರು):
ಗಂಗಾವತಿಯವರು ಹೇಳಿದಂತೆ ಅಳೆದೆ. ಪ್ಲಸ್ ದಾರಿಯಲ್ಲಿ 0.2, ಮೈನಸ್ ದಾರಿಯಲ್ಲಿ 1.1. ಮೈನಸ್ ವೈರ್ ಬಾಗಿಲ ಹತ್ತಿರದ ಚಾಸಿ ಬೋಲ್ಟಿಗೆ ಹೋಗಿದೆ, ಮುಟ್ಟಿದರೆ ಬೆಚ್ಚಗಿದೆ. ಸಿಂಧನೂರಿನ ಅಕ್ಕ, ನಮ್ಮಲ್ಲೂ ಅಂಥದೇ ಮೇನ್ ಸ್ವಿಚ್ ಇದೆ, ಇಂದೇ ಚೀಟಿ ಅಂಟಿಸುತ್ತೇನೆ.

ರಾಯಚೂರು:
ಆ ಬೋಲ್ಟನ್ನು ನಂಬಬೇಡಿ. ಮೈನಸ್‌ಗೂ ಬ್ಯಾಟರಿಯಿಂದಲೇ 6 ಚದರ ಎಂಎಂ ವೈರ್ ಎಳೆಯಿರಿ. ಪ್ಲಸ್ ವೈರಿನ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ.

ಬಳ್ಳಾರಿ:
ಲಿಥಿಯಂ ಇದ್ದಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ. 13.2ರಲ್ಲಿ 1.3 ಕಳೆದರೂ 11.9 ಉಳಿಯುತ್ತದೆ, ಒಲೆ ಹೊತ್ತಿಕೊಳ್ಳುತ್ತದೆ.

ಗಂಗಾವತಿ:
ಹೊತ್ತಿಕೊಳ್ಳುತ್ತದೆ, ಬೋಲ್ಟ್ ಮಾತ್ರ ಹಾಗೆಯೇ ಬಿಸಿಯಾಗುತ್ತಿರುತ್ತದೆ. 1.1 ವೋಲ್ಟ್, 9 ಆಂಪಿಯರ್ ಎಂದರೆ ಸುಮಾರು 10 ವ್ಯಾಟ್ ಶಾಖ ಒಂದೇ ಕಡೆ. ವ್ಯಾನಿನ ಗೋಡೆಗೆ ಪ್ಲೈವುಡ್ ಹೊದಿಸಿರುತ್ತಾರೆ. ಕೊಪ್ಪಳದ ತಮ್ಮ, ಮೊದಲು ಆ ಬೋಲ್ಟ್ ಬಿಚ್ಚಿ ಕೆರೆಯಿರಿ, ಮತ್ತೆ ಅಳೆದು ಇಲ್ಲಿ ಹಾಕಿ. ಬ್ಯಾಟರಿಯ ಮಾತು ಆಮೇಲೆ.