ಸಾಂದ್ರತೆ ಅಂದರೆ ಗಟ್ಟಿಯೋ, ಭಾರವೋ?

ನೀರಿನ ಸಾಂದ್ರತೆ, ಅಂದರೆ ಒಂದು ಮಿಲಿಲೀಟರ್ ಎಷ್ಟು ತೂಗುತ್ತದೆ ಅನ್ನುವುದನ್ನು ಅಳೆಯುವ ಪ್ರಯೋಗಕ್ಕೆ ಕನ್ನಡದಲ್ಲಿ ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ಪ್ರಯೋಗ ಸುಲಭದ್ದು. ಖಾಲಿ ಅಳತೆ ಜಾಡಿ ತೂಗಬೇಕು, 50 ಮಿಲಿಲೀಟರ್ ನೀರು ಹಾಕಿ ಮತ್ತೆ ತೂಗಬೇಕು, ಕಳೆದು ಭಾಗಿಸಬೇಕು. ತೊಡಕಾಗಿರುವುದು ಪದಗಳಲ್ಲಿ.

ಶುರುವಿನಲ್ಲೇ ವಿದ್ಯಾರ್ಥಿಗಳನ್ನು ಕೇಳಿದೆ: ನೀರು, ಹರಳೆಣ್ಣೆ, ಯಾವುದರ ಸಾಂದ್ರತೆ ಜಾಸ್ತಿ? ಹೆಚ್ಚಿನವರು ಹರಳೆಣ್ಣೆ ಅಂದರು. ಅದು ಮಂದ, ಸುರಿದರೆ ನಿಧಾನವಾಗಿ ಇಳಿಯುತ್ತದೆ, ಹಾಗಾಗಿ ಸಾಂದ್ರ. ಇದರಲ್ಲಿ ಅವರ ತಪ್ಪೇನಿಲ್ಲ, ಸಾಂದ್ರ ಅನ್ನುವ ಪದಕ್ಕೆ ಗಟ್ಟಿ, ದಟ್ಟ ಅನ್ನುವ ಅರ್ಥ ಮೊದಲಿನಿಂದಲೂ ಇದೆ. ಆದರೆ ಹರಳೆಣ್ಣೆ ಮಿಲಿಲೀಟರಿಗೆ ಸುಮಾರು 0.96 ಗ್ರಾಂ ಅಷ್ಟೇ, ನೀರಿನ ಮೇಲೆ ತೇಲುತ್ತದೆ. ಸರಾಗವಾಗಿ ಹರಿಯುವ ಪಾದರಸದ್ದು ನೀರಿಗಿಂತ ಸುಮಾರು 13.6 ಪಟ್ಟು. ಮಂದವಾಗಿ ಹರಿಯುವ ಗುಣಕ್ಕೆ ಸ್ನಿಗ್ಧತೆ ಅಂತ ಬೇರೆ ಪದ ಇದೆ ನಿಜ, ಆದರೆ ಅದು ಪಾಠದಲ್ಲಿ ಬರುವ ಹೊತ್ತಿಗೆ ಈ ಗೊಂದಲ ಬೇರೂರಿರುತ್ತದೆ.

ಇನ್ನೂ ದೊಡ್ಡ ತೊಂದರೆ ದ್ರಾವಣಗಳದ್ದು. ‘ಉಪ್ಪುನೀರಿನ ಸಾಂದ್ರತೆ’ ಅಂದಾಗ ಉಪ್ಪು ಎಷ್ಟು ಕರಗಿದೆ ಅಂತಲೋ, ಒಂದು ಮಿಲಿಲೀಟರ್ ಎಷ್ಟು ತೂಗುತ್ತದೆ ಅಂತಲೋ? ಎರಡಕ್ಕೂ ಇದೇ ಪದ ಬಳಸುವವರಿದ್ದಾರೆ. ಉಪ್ಪು ಹಾಕಿದಷ್ಟೂ ಎರಡೂ ಏರುವುದರಿಂದ ಅಲ್ಲಿ ಹೇಗೋ ನಡೆದುಹೋಗುತ್ತದೆ. ಆಲ್ಕೋಹಾಲ್ ತಗೊಳ್ಳಿ. ಇಥೈಲ್ ಆಲ್ಕೋಹಾಲ್ ಮಿಲಿಲೀಟರಿಗೆ ಸುಮಾರು 0.79 ಗ್ರಾಂ, ನೀರಿಗಿಂತ ಹಗುರ. ಆಗ ‘ಆಲ್ಕೋಹಾಲಿನ ಸಾಂದ್ರತೆ ಹೆಚ್ಚಿದಂತೆ ದ್ರಾವಣದ ಸಾಂದ್ರತೆ ಕಡಿಮೆಯಾಗುತ್ತದೆ’ ಅಂತ ಬರೆಯಬೇಕಾಗುತ್ತದೆ. ಮಾತು ಸರಿಯೇ, ಆದರೆ ಮೊದಲ ಸಲ ಓದುವವರಿಗೆ ಏನು ಅರ್ಥವಾಗಬೇಕು? ಬೆಳಕಿನ ಪಾಠದಲ್ಲಿ ಇದೇ ಪದಕ್ಕೆ ಮೂರನೆಯ ಅರ್ಥವೂ ಇದೆ. ಬೆಳಕು ಹೆಚ್ಚು ನಿಧಾನವಾಗಿ ಸಾಗುವ ವಸ್ತುವೇ ಅಲ್ಲಿ ಸಾಂದ್ರ. ಹಾಗಾಗಿ ಅಲ್ಲಿ ಸೀಮೆಎಣ್ಣೆ ನೀರಿಗಿಂತ ಸಾಂದ್ರ ಮಾಧ್ಯಮ, ತೂಗಿದರೆ ನೀರಿಗಿಂತ ಹಗುರ.

ಬೇರೆ ಪದಗಳನ್ನೂ ಯೋಚಿಸಿದೆ. ‘ದಟ್ಟತೆ’ ಕನ್ನಡದ ಕಿವಿಗೆ ಹಿತ. ಆದರೆ ದಟ್ಟ ಮಂಜು ಅಂದಾಗ ನಾವು ಹೇಳುವುದು ಕಣ್ಣಿಗೆ ದಾರಿ ಕಾಣದಿರುವುದನ್ನು, ಭಾರವನ್ನಲ್ಲ. ‘ಒತ್ತು’ ಇಟ್ಟುಕೊಂಡರೆ ಅದೇ ಪಾಠದ ‘ಒತ್ತಡ’ ಅಡ್ಡ ಬರುತ್ತದೆ. ಸದ್ಯಕ್ಕೆ ನನ್ನ ಮನಸ್ಸು ಹೀಗಿದೆ: ಸಾಂದ್ರತೆಯನ್ನು ತೂಕದ ಅರ್ಥಕ್ಕೆ ಮಾತ್ರ ಇಟ್ಟುಕೊಂಡು, ಕರಗಿದ್ದು ಎಷ್ಟು ಅನ್ನುವುದಕ್ಕೆ ‘ಸಾರತೆ’ ಬಳಸುವುದು. ‘ಸಾರರಿಕ್ತ ಆಮ್ಲ’ (ನೀರು ಬೆರೆಸಿ ತೆಳುವಾಗಿಸಿದ ಆಮ್ಲ) ಪಠ್ಯಗಳಲ್ಲಿ ಹೇಗೂ ಇದೆ, ಅದರ ಜೊತೆ ಇದು ಹೊಂದುತ್ತದೆ ಅಲ್ವಾ?

ತೊಡಕಿನ ಇನ್ನೊಂದು ಪದ ‘ಗಾತ್ರ’. ಇಲ್ಲಿ ಅದು ನೀರು ಎಷ್ಟು ಜಾಗ ಹಿಡಿಯುತ್ತದೆ ಅನ್ನುವುದು. ಒಬ್ಬ ವಿದ್ಯಾರ್ಥಿ ಜಾಡಿ ಖಾಲಿ ಇದ್ದಾಗ 112.4 ಗ್ರಾಂ, ನೀರು ಹಾಕಿದ ಮೇಲೆ 162.2 ಗ್ರಾಂ ಅಂತ ಸರಿಯಾಗಿಯೇ ಬರೆದಿದ್ದ. ಉತ್ತರ ಮಾತ್ರ 0.498. ಜಾಡಿ 100 ಮಿಲಿಲೀಟರಿನದು, ಗಾತ್ರ ಅಂದರೆ ಜಾಡಿಯ ಗಾತ್ರ ಅಂದುಕೊಂಡು 49.8 ಗ್ರಾಮನ್ನು ನೂರರಿಂದ ಭಾಗಿಸಿದ್ದ. ‘ನೀರಿನ ಘನಫಲ’ ಅಂತ ಬರೆದಿದ್ದರೆ ಹೀಗಾಗುತ್ತಿರಲಿಲ್ಲವೇನೋ. ಐವತ್ತರಿಂದ ಭಾಗಿಸಿದಾಗ 0.996 ಬಂತು. ಆಗ ‘ಒಂದು ಬರಬೇಕಿತ್ತು’ ಅಂತ ಸಪ್ಪಗಾದ. ಒಂದು ಅನ್ನುವಷ್ಟು ಹತ್ತಿರ ಹೋಗುವುದು 4 ಡಿಗ್ರಿ ಸೆಲ್ಸಿಯಸ್ ಹತ್ತಿರ, 28 ಡಿಗ್ರಿಯಲ್ಲಿ 0.996 ಸರಿಯಾದ ಬೆಲೆಯೇ ಅಂತ ಹೇಳಿದೆ. ಅಂಥ ಜಾಡಿಯಲ್ಲಿ ಅರ್ಧ ಮಿಲಿಲೀಟರ್ ಆಚೀಚೆ ಆಗುವುದರಿಂದ ಮೂರನೆಯ ದಶಮಾಂಶವನ್ನು ನೆಚ್ಚಿಕೊಳ್ಳಬೇಡ ಅಂತಲೂ ಹೇಳಿದೆ.

ಏಕಮಾನವನ್ನು ‘ಗ್ರಾಂ ಪ್ರತಿ ಮಿಲಿಲೀಟರ್’ ಅಂತ ಓದಿಸುವುದು ನನಗೆ ಒಗ್ಗುವುದಿಲ್ಲ. ‘ಮಿಲಿಲೀಟರಿಗೆ 0.996 ಗ್ರಾಂ’ ಅಂದರೆ ಯಾವುದನ್ನು ಯಾವುದರಿಂದ ಭಾಗಿಸಿದ್ದು ಅಂತ ಆ ‘ಗೆ’ ಪ್ರತ್ಯಯವೇ ಹೇಳಿಬಿಡುತ್ತದೆ.

ಕನ್ನಡದಲ್ಲಿ ವಿಜ್ಞಾನ ಕಲಿಸುವವರು, ಅನುವಾದ ಮಾಡುವವರು ದಯವಿಟ್ಟು ಹೇಳಿ. ‘ಸಾರತೆ’ಯನ್ನು ಪಾಠದಲ್ಲಿ ಬಳಸಿ ನೋಡಿದ್ದೀರಾ? ಅದನ್ನು ಕೇಳಿದ ಮಕ್ಕಳಿಗೆ ರುಚಿ, ಸತ್ವ ಅನ್ನುವ ಅರ್ಥ ಮುಂದೆ ಬಂದು ಇನ್ನೊಂದು ಗೊಂದಲ ಆಗುತ್ತದಾ?