ಸ್ಟೆಂಟ್ ಗ್ರಾಫ್ಟ್ ಹಾಕಿಸಿದ ಮೇಲೆ ಆಸ್ಪಿರಿನ್ ನಿಲ್ಲಿಸಬಹುದಾ?

ಪ್ರಶ್ನೆ: ಅಪ್ಪನಿಗೆ 71 ವರ್ಷ. ಹೊಟ್ಟೆಯ ದೊಡ್ಡ ರಕ್ತನಾಳ ಉಬ್ಬಿದೆ ಅಂತ ನಾಲ್ಕು ತಿಂಗಳ ಹಿಂದೆ ತೊಡೆಸಂದಿಯಿಂದ ಸ್ಟೆಂಟ್ ಗ್ರಾಫ್ಟ್ (ರಕ್ತನಾಳದ ಒಳಗೆ ಕೂರಿಸುವ, ಬಟ್ಟೆ ಹೊದಿಸಿದ ಜಾಲರಿ ಕೊಳವೆ) ಹಾಕಿದರು. ರಕ್ತ ಹೆಪ್ಪುಗಟ್ಟದಂತೆ ಮೊದಲು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡೂ ಮಾತ್ರೆ ಇತ್ತು, ಈಗ ಆಸ್ಪಿರಿನ್ 75 ಮಿ.ಗ್ರಾಂ ಒಂದೇ. ಗಡ್ಡ ಬೋಳಿಸುವಾಗ ಬ್ಲೇಡ್ ಸ್ವಲ್ಪ ತಾಗಿದರೂ ಟವೆಲ್ ತುಂಬಾ ರಕ್ತ, ಮುಂಗೈಯಲ್ಲಿ ನೀಲಿ ಕಲೆ. ಮುಂದಿನ ವಾರ ಹಲ್ಲು ಕೀಳಿಸಬೇಕು. ಮಾತ್ರೆ ಬಿಡಲಾ ಅಂತ ದಿನಾ ಕೇಳುತ್ತಾರೆ, ನನಗೂ ಭಯ.

ಉತ್ತರ 1: ನೀವಾಗಿಯೇ ಬಿಡಿಸಬೇಡಿ ದಯವಿಟ್ಟು. ನಮ್ಮ ಮಾವನಿಗೂ ಇದೇ ಆಗಿತ್ತು. ಹಲ್ಲಿನ ಡಾಕ್ಟರಿಗೆ ಮೊದಲೇ ಹೇಳಿದೆವು, ಮಾತ್ರೆ ನಡೆಯುತ್ತಿರುವಾಗಲೇ ಕಿತ್ತು ಹೊಲಿಗೆ ಹಾಕಿ, ಹತ್ತಿ ಒತ್ತಿ ಕೂರಿಸಿದರು. ಅರ್ಧ ಗಂಟೆಯಲ್ಲಿ ರಕ್ತ ನಿಂತಿತು.

ಉತ್ತರ 2: ಆಸ್ಪಿರಿನ್ ಗ್ರಾಫ್ಟಿಗೆ ಮಾತ್ರ ಅಲ್ಲ. ಈ ಕಾಯಿಲೆ ಇರುವವರಿಗೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯವೂ ಜಾಸ್ತಿ, ಅದಕ್ಕೇ ಸಾಮಾನ್ಯವಾಗಿ ಜೀವನಪೂರ್ತಿ ಕೊಡುತ್ತಾರೆ. ಒಮ್ಮೆ ತಗೊಂಡರೆ ರಕ್ತದಲ್ಲಿ ಆಗ ಇರುವ, ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳು ಸಾಯುವವರೆಗೂ, ಅಂದರೆ 7ರಿಂದ 10 ದಿನ, ಅವುಗಳ ಮೇಲೆ ಪರಿಣಾಮ ಇರುತ್ತದೆ, ಹಾಗಾಗಿ ಹಿಂದಿನ ದಿನ ಬಿಟ್ಟು ಸುಮ್ನೆ ಏನೂ ಪ್ರಯೋಜನ ಇಲ್ಲ. ಹಲ್ಲು ನೋವಿಗೆ ಐಬುಪ್ರೊಫೆನ್ ಕೊಡಬೇಡಿ, ಅದು ಆಸ್ಪಿರಿನ್ ಕೆಲಸಕ್ಕೆ ಅಡ್ಡಿ, ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಬೇರೆ. ಪ್ಯಾರಾಸಿಟಮಾಲ್ ಆಗುತ್ತದಾ ಅಂತ ಕೇಳಿ. ಮಲ ಕಪ್ಪಗೆ ಟಾರಿನ ಹಾಗೆ ಬಂದರೆ, ಅಥವಾ ಒಂದು ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ ನೋವು ಬಂದರೆ ಬೆಳಗಿನವರೆಗೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ. ಗ್ರಾಫ್ಟ್ ಸರಿಯಾಗಿದೆಯಾ ಅಂತ ನೋಡುವ ಸ್ಕ್ಯಾನ್ ತಪ್ಪಿಸಬೇಡಿ, ಗ್ರಾಫ್ಟ್ ಪಕ್ಕದಿಂದ ರಕ್ತ ಸೋರುತ್ತಿದ್ದರೆ ಹೊರಗೆ ಏನೂ ಗೊತ್ತಾಗುವುದಿಲ್ಲ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಸರ್ಜನ್‌ಗೆ ಫೋನ್ ಮಾಡಿದೆ, ಮುಂದುವರಿಸಿ ಅಂದರು. ಅಪ್ಪನಿಗೆ ಎಲೆಕ್ಟ್ರಿಕ್ ಶೇವರ್ ತಂದುಕೊಟ್ಟೆ.